‘ಥ್ಯಾಂಕ್ ಯೂ’ ಅಂದ್ರೆ ಬೇಡ ಅಂತಾನಾ?

ಹೋದ ಸಂಚಿಕೆಯಲ್ಲಿ ಯಾವುದೋ ಮಾತಿಗೆ, ನಾನು ಅಮೆರಿಕದಲ್ಲಿದ್ದಾಗ ಒಪೆರಾ ಕಂಪನಿಗಳ ಆಡಿಷನ್‌ಗೆ ಪಿಯಾನೋ ನುಡಿಸುತ್ತಿದ್ದೆ ಅಂತ ಒಂದು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ನಮ್ಮ ಕಡೆಯ ಮಕ್ಕಳು ಇಷ್ಟು ಜನ ಒಪೆರಾ ಕಲಿಯುತ್ತಿದ್ದಾರಾ! ಹೆಸರು ಹಾಕಬೇಡಿ ಅಂದವರೇ ಜಾಸ್ತಿ, ಹಾಗಾಗಿ ಊರು ಮಾತ್ರ ಹಾಕಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಒಪೆರಾ ಅಂದರೆ ಹಾಡಿನಲ್ಲೇ ಕಥೆ ನಡೆಸುವ ಪಾಶ್ಚಾತ್ಯ ಸಂಗೀತ ನಾಟಕ. ಸಂಗೀತ ಕಾಲೇಜು ಮುಗಿಸಿರುತ್ತಾರೆ, ಆದರೆ ದೊಡ್ಡ ಪಾತ್ರ ಕೊಡುವಷ್ಟು ಇನ್ನೂ ಪಳಗಿರುವುದಿಲ್ಲ. ಅಂಥ ಗಾಯಕರನ್ನು ಒಪೆರಾ ಕಂಪನಿಗಳು ಒಂದು ಸೀಸನ್‌ಗೆ ಸೇರಿಸಿಕೊಳ್ಳುತ್ತವೆ. ಅದಕ್ಕೆ ಯಂಗ್ ಆರ್ಟಿಸ್ಟ್ ಪ್ರೋಗ್ರಾಂ ಅನ್ನುತ್ತಾರೆ, ಕೆಲವು ಕಡೆ ಅಪ್ರೆಂಟಿಸ್ ಅನ್ನುತ್ತಾರೆ. ಯಕ್ಷಗಾನ ಮೇಳದಲ್ಲಿ ಹುಡುಗರು ಕೋಡಂಗಿ, ಬಾಲಗೋಪಾಲ ಅಂತ ಶುರುಮಾಡಿ ಮೇಲೆ ಬರುತ್ತಾರಲ್ಲ, ಸುಮಾರಾಗಿ ಹಾಗೆ. ಕಾಲ ಮಾತ್ರ ಉಲ್ಟಾ. ಮೇಳದವರು ದೀಪಾವಳಿ ಕಳೆದ ಮೇಲೆ ತಿರುಗಾಟಕ್ಕೆ ಹೊರಟು ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತಾರೆ. ಅಮೆರಿಕದ ಬೇಸಿಗೆ ಒಪೆರಾ ಕಂಪನಿಗಳು ಗೆಜ್ಜೆ ಕಟ್ಟುವುದೇ ಆ ಹೊತ್ತಿಗೆ, ಬಿಚ್ಚುವುದು ಆಗಸ್ಟ್ ಕೊನೆಗೆ. ಆ ಬೇಸಿಗೆಗೆ ಆಡಿಷನ್ ನಡೆಯುವುದು ಹಿಂದಿನ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಅಂದರೆ ಎಲ್ಲರಿಗೂ ನೆಗಡಿ ಇರುವ ಕಾಲದಲ್ಲಿ.

ಪ್ರಶ್ನೆ: ಮಗಳು ಅಮೆರಿಕದಲ್ಲಿ ವಾಯ್ಸ್‌ನಲ್ಲಿ ಮಾಸ್ಟರ್ಸ್ ಮಾಡ್ತಿದ್ದಾಳೆ. ಸೊಪ್ರಾನೊ, ಅಂದ್ರೆ ಹೆಣ್ಣುಮಕ್ಕಳ ಮೇಲಿನ ಧ್ವನಿ. ಈ ಸಲ 18 ಕಂಪನಿಗೆ ಅರ್ಜಿ ಹಾಕಿದಳು, 4 ಕಡೆ ಆಡಿಷನ್‌ಗೆ ಕರೆದರು, ನಾಲ್ಕೂ ಕಡೆ ಇಲ್ಲ ಅಂದರು. ಒಂದು ಕಡೆ ಒಂದೇ ಹಾಡು ಕೇಳಿ ‘ಥ್ಯಾಂಕ್ ಯೂ’ ಅಂತ ಕಳಿಸಿಬಿಟ್ಟರಂತೆ. ಫೋನ್‌ನಲ್ಲಿ ಅಳ್ತಾಳೆ. ಅವಳಿಗೆ ನಿಜವಾಗ್ಲೂ ಪ್ರತಿಭೆ ಇದೆಯಾ ಇಲ್ವಾ, ನಮಗೆ ಹೇಗೆ ಗೊತ್ತಾಗಬೇಕು? (ಒಬ್ಬ ತಾಯಿ, ಮೈಸೂರು)

ಉತ್ತರ: ಅಮ್ಮಾ, ಮೊದಲು ಲೆಕ್ಕ ನೋಡೋಣ. 18ರಲ್ಲಿ 4 ಕಡೆ ಕರೆದರು ಅಂದರೆ, ರೆಕಾರ್ಡಿಂಗ್ ಕೇಳಿದವರಲ್ಲಿ ನಾಲ್ಕು ಕಂಪನಿಯವರಿಗೆ ಇವಳನ್ನು ಎದುರಿಗೆ ಕೂರಿಸಿಕೊಂಡು ಕೇಳಬೇಕು ಅನ್ನಿಸಿದೆ. ಸೊಪ್ರಾನೊಗೆ ಇದು ಕೆಟ್ಟ ಲೆಕ್ಕ ಅಲ್ಲ. ಯಾಕೆಂದರೆ ಯಾವ ಕಂಪನಿಗೆ ಹೋದರೂ ಕಾರಿಡಾರ್‌ನಲ್ಲಿ ಕೂತವರಲ್ಲಿ ಸೊಪ್ರಾನೊಗಳೇ ಜಾಸ್ತಿ. ಟೆನರ್ (ಗಂಡಸರ ಮೇಲಿನ ಧ್ವನಿ) ಸಿಗುವುದು ಕಷ್ಟ, ಒಳ್ಳೆ ಬಾಸ್ (ಗಂಡಸರ ತೀರಾ ಕೆಳಗಿನ ಧ್ವನಿ) ಸಿಗುವುದು ಇನ್ನೂ ಕಷ್ಟ. ನ್ಯೂ ಮೆಕ್ಸಿಕೊ ರಾಜ್ಯದ ಸಾಂಟಾ ಫೆ ಒಪೆರಾದಂಥ ದೊಡ್ಡ ಬೇಸಿಗೆ ಕಂಪನಿಗೆ ಸಾವಿರದ ಆಸುಪಾಸು ಗಾಯಕರು ಅರ್ಜಿ ಹಾಕುತ್ತಾರೆ, ತೆಗೆದುಕೊಳ್ಳುವುದು 40ರ ಆಸುಪಾಸು ಜನರನ್ನು, ಅದೂ ಎಲ್ಲ ಧ್ವನಿಗಳೂ ಸೇರಿ.

ಈಗ ಆ 40ರ ಒಳಗೆ ಯಾರು ಬರುತ್ತಾರೆ ಅನ್ನುವ ವಿಷಯ. ತಂದೆತಾಯಿಯರು ಇದನ್ನು ಪಿಯುಸಿ ಪರೀಕ್ಷೆ ಅಂದುಕೊಳ್ಳುತ್ತಾರೆ. ಮಾರ್ಕ್ಸ್ ಹಾಕಿ, ಮೇಲಿನಿಂದ ಎಣಿಸಿ, ಸೀಟು ಕೊಡುತ್ತಾರೆ ಅಂತ. ಹಾಗಿಲ್ಲ. ಕಂಪನಿಯವರು ಕೈಯಲ್ಲಿ ಒಂದು ಸಾಮಾನು ಚೀಟಿ ಹಿಡಿದು ಬಂದಿರುತ್ತಾರೆ. ಮುಂದಿನ ಬೇಸಿಗೆಗೆ ಯಾವ ಒಪೆರಾ ಅಂತ ಆಗಲೇ ನಿರ್ಧಾರ ಆಗಿರುತ್ತದೆ. ಮೊಜಾರ್ಟ್‌ನ ಮ್ಯಾಜಿಕ್ ಫ್ಲೂಟ್ ಇದೆ ಅಂತಿಟ್ಟುಕೊಳ್ಳಿ. ಮೂವರು ಲೇಡಿಗಳು ಬೇಕು, ಮೂರೂ ಧ್ವನಿ ಒಂದಕ್ಕೊಂದು ಹೊಂದಬೇಕು. ಪಾಪಗೇನಾ ಅನ್ನುವ ಪಾತ್ರಕ್ಕೆ ಒಬ್ಬಳು ಬೇಕು. ‘ಕ್ವೀನ್ ಆಫ್ ದ ನೈಟ್’ ಪಾತ್ರದವಳಿಗೆ ಹುಷಾರಿಲ್ಲದಿದ್ದರೆ ನಿಲ್ಲೋಕೆ ಒಬ್ಬಳು ಬೇಕು. ಹೋದ ವರ್ಷದ ಇಬ್ಬರು ಹುಡುಗಿಯರಿಗೆ ‘ಮತ್ತೆ ಬನ್ನಿ’ ಅಂತ ಮಾತು ಕೊಟ್ಟಾಗಿದೆ. ಉಳಿದದ್ದು ಎಷ್ಟು? ಒಂದು ಜಾಗ, ಹೆಚ್ಚಂದರೆ ಎರಡು. ತೊಗರಿಬೇಳೆ ತರೋಕೆ ಅಂಗಡಿಗೆ ಹೋದವರು ಕಡಲೆಬೇಳೆ ಎಷ್ಟೇ ಚೆನ್ನಾಗಿದ್ದರೂ ನೋಡಿ, ಹೊಗಳಿ, ಬಿಟ್ಟು ಬರುತ್ತಾರೆ ಅಲ್ವಾ?

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪಿಯಾನೋ ಮುಂದೆ ಕೂತವಳಿಗೆ ಹಾಡುವವರ ಬೆನ್ನು ಕಾಣುತ್ತದೆ, ಮೇಜಿನ ಹಿಂದೆ ಕೂತವರ ಮುಖ ಕಾಣುತ್ತದೆ. ಒಂದು ಸಲ ಸಂಜೆ ನಾಲ್ಕರ ಹೊತ್ತಿಗೆ, ಬೆಳಿಗ್ಗೆಯಿಂದ ಮೂವತ್ತು ಜನರನ್ನು ಕೇಳಿ ಎಲ್ಲರಿಗೂ ಸುಸ್ತಾಗಿದ್ದಾಗ, ಒಬ್ಬ ಹುಡುಗಿ ಬಂದು ಹಾಡಿದಳು. ಮೇಜಿನ ಮೇಲೆ ಮೂರು ಲ್ಯಾಪ್‌ಟಾಪ್, ಮೂರರಲ್ಲೂ ಟೈಪ್ ಮಾಡುವ ಸದ್ದು ನಿಂತುಹೋಯಿತು. ಒಬ್ಬರು ಅರ್ಧ ತಿಂದ ಸ್ಯಾಂಡ್‌ವಿಚ್ ಹಾಗೇ ಕೈಯಲ್ಲಿ ಹಿಡಿದಿದ್ದರು. ಅವಳು ಹೊರಗೆ ಹೋಗಿ ಬಾಗಿಲು ಮುಚ್ಚಿದ ಮೇಲೆ ಅವರೇ ನಿಟ್ಟುಸಿರು ಬಿಟ್ಟು, ‘ಇವಳನ್ನ ಎಲ್ಲಿ ಹಾಕೋದು?’ ಅಂದರು. ಎಲ್ಲೂ ಹಾಕಲಿಲ್ಲ. ಆ ವರ್ಷ ಅವಳ ಧ್ವನಿಗೆ ಪಾತ್ರವೇ ಇರಲಿಲ್ಲ. ಅವಳಿಗೆ ಹೋದದ್ದು ಎಲ್ಲರಿಗೂ ಹೋಗುವ ಅದೇ ಎರಡು ಸಾಲಿನ ಇಮೇಲ್. ಅವಳ ಅಮ್ಮ ಎಲ್ಲೋ ಕೂತು ನಿಮ್ಮ ಥರಾನೇ ಯೋಚನೆ ಮಾಡಿರಬೇಕು.

ಇದಕ್ಕೆ ತದ್ವಿರುದ್ಧವಾಗಿ ನಡೆಸುವ ಕಂಪನಿಯೂ ಇದೆ. ವರ್ಜೀನಿಯಾದಲ್ಲಿ ವುಲ್ಫ್ ಟ್ರ್ಯಾಪ್ ಒಪೆರಾ ಅಂತ, 1971ರಿಂದ ನಡೆಯುತ್ತಿದೆ. ಅವರು ಮೊದಲು ಗಾಯಕರನ್ನು ಕೇಳಿ ಆರಿಸುತ್ತಾರೆ, ಆಮೇಲೆ ಈ ಧ್ವನಿಗಳಿಗೆ ಯಾವ ಒಪೆರಾ ಸರಿಹೋಗುತ್ತದೆ ಅಂತ ಕೂತು ನೋಡುತ್ತಾರೆ. ಮಾರ್ಕೆಟ್‌ಗೆ ಹೋಗಿ ಏನು ತಾಜಾ ಇದೆ ನೋಡಿಕೊಂಡು ಅಡುಗೆ ನಿರ್ಧರಿಸಿದ ಹಾಗೆ. ಅವರ ರಂಗಮಂದಿರ ಕೂಡ ಮಜವಾಗಿದೆ: 18ನೇ ಶತಮಾನದ ಎರಡು ಹಳೇ ಮರದ ಕಣಜದ ಮನೆಗಳನ್ನು ನ್ಯೂಯಾರ್ಕ್ ರಾಜ್ಯದಿಂದ ಬಿಚ್ಚಿ ತಂದು ಮತ್ತೆ ಜೋಡಿಸಿದ್ದಾರೆ, ನಾನೂರು ಜನ ಕೂಡ ಹಿಡಿಸಲ್ಲ. ಮಗಳು ಅಲ್ಲಿಗೆ ಅರ್ಜಿ ಹಾಕಿಲ್ಲದಿದ್ದರೆ ಮುಂದಿನ ಸಲ ಹಾಕಲಿ.

ಒಂದೇ ಹಾಡಿಗೆ ‘ಥ್ಯಾಂಕ್ ಯೂ’ ಅಂದದ್ದಕ್ಕೆ ಬರೋಣ. ಒಬ್ಬೊಬ್ಬರಿಗೆ ಎಂಟು ಹತ್ತು ನಿಮಿಷ ಅಂತ ಪಟ್ಟಿ ಹಾಕಿರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅರ್ಧ ಗಂಟೆ ತಡ ಆಗಿರುತ್ತದೆ, ಆಗ ಎಲ್ಲರಿಗೂ ಒಂದೇ ಹಾಡು. ಇನ್ನು ಕೆಲವು ಸಲ ಒಂದೇ ಹಾಡಿನಲ್ಲಿ ಬೇಕಾದದ್ದು ಗೊತ್ತಾಗಿಬಿಡುತ್ತದೆ, ‘ಹೌದು’ ಅನ್ನೋದೂ ಸೇರಿ. ಒಂದು ಹಾಡು ಕೇಳಿ ಕಳಿಸಿ ಕೆಲಸ ಕೊಟ್ಟದ್ದನ್ನೂ ನೋಡಿದ್ದೇನೆ, ಮೂರು ಹಾಡು ಕೇಳಿ, ನಗುನಗುತ್ತಾ ಮಾತಾಡಿಸಿ, ಇಲ್ಲ ಅಂದದ್ದನ್ನೂ ನೋಡಿದ್ದೇನೆ. ಅವರ ಮುಖ ನೋಡಿ ಭವಿಷ್ಯ ಹೇಳೋಕಾಗಲ್ಲ.

ಸುಳ್ಳು ಸಮಾಧಾನ ಹೇಳೋದೂ ಬೇಡ. ಎರಡು ಮೂರು ವರ್ಷ ಎಲ್ಲೂ ಆಡಿಷನ್‌ಗೇ ಕರೆಯದಿದ್ದರೆ, ರೆಕಾರ್ಡಿಂಗ್ ಹಂತದಲ್ಲೇ ಬಿದ್ದುಹೋಗುತ್ತಿದ್ದರೆ, ಆಗ ಏನೋ ಸರಿಯಿಲ್ಲ. ಹಾಡು ತಪ್ಪಾಗಿ ಆರಿಸಿರಬಹುದು, ಅವಳದ್ದಲ್ಲದ ಧ್ವನಿಯ ಹಾಡು ಹಾಡುತ್ತಿರಬಹುದು. ಅದನ್ನು ಹೇಳಬೇಕಾದವರು ವಾರವಾರ ಅವಳ ಜೊತೆ ಕೂರುವ ಗುರುಗಳು, ಕೋಚ್. ನಿಮ್ಮ ಮಗಳು ಆ ಹಂತ ದಾಟಿದ್ದಾಳೆ. ಫೋನ್ ಮಾಡಿದಾಗ ‘ರಿಸಲ್ಟ್ ಏನಾಯ್ತು’ ಅಂತ ಕೇಳೋದು ಸ್ವಲ್ಪ ದಿನ ಬಿಡಿ, ಊಟ ಏನು ಮಾಡಿದೆ ಅಂತ ಕೇಳಿ.

ಪ್ರಶ್ನೆ: ಅಕ್ಕಾ, ನಾನು ಬ್ಯಾರಿಟೋನ್ (ಗಂಡಸರ ನಡುವಿನ ಧ್ವನಿ), ವಯಸ್ಸು 23. ಬೆಂಗಳೂರಲ್ಲಿ ಕಲಿತು ಈಗ ನ್ಯೂಯಾರ್ಕ್‌ನಲ್ಲಿ ಓದ್ತಿದ್ದೇನೆ. ಇದೇ ನನ್ನ ಮೊದಲ ಆಡಿಷನ್ ಸೀಸನ್. ಐದು ಹಾಡಿನ ಪಟ್ಟಿ ಕೊಡಬೇಕಂತೆ, ಹೇಗೆ ಆರಿಸಲಿ? ರೂಮಿನೊಳಗೆ ಏನೇನಾಗುತ್ತೆ? (ಊರು ಬೆಂಗಳೂರು, ಸದ್ಯ ನ್ಯೂಯಾರ್ಕ್)

ಉತ್ತರ: ಐದು ಹಾಡಿನಲ್ಲಿ ಇಟಾಲಿಯನ್, ಫ್ರೆಂಚ್, ಜರ್ಮನ್, ಇಂಗ್ಲಿಷ್ ನಾಲ್ಕೂ ಬರಬೇಕು. ಒಂದಾದರೂ ಮೊಜಾರ್ಟ್ ಇರಬೇಕು. ಮೊದಲ ಹಾಡು ನಿನ್ನ ಆಯ್ಕೆ, ಎರಡನೆಯದು ಅವರದ್ದು. ಮೊದಲ ಹಾಡು ಯಾವುದಿರಬೇಕು ಅಂದರೆ, ಬೆಳಿಗ್ಗೆ ಒಂಬತ್ತಕ್ಕೆ, ನೆಗಡಿಯಲ್ಲಿ, ನಿದ್ದೆ ಇಲ್ಲದೆ ನಿಂತರೂ ತಾನಾಗೇ ಬರುವಂಥದ್ದು. ಅತಿ ಕಷ್ಟದ್ದನ್ನು ಮೊದಲು ಹಾಡಿ ಬೆರಗುಗೊಳಿಸುತ್ತೇನೆ ಅಂತ ಹೋಗಬೇಡ. ಇನ್ನೊಂದು, ಪಟ್ಟಿ ತುಂಬಲಿ ಅಂತ ಸುಮ್ನೆ ಒಂದು ಹಾಡು ಸೇರಿಸುತ್ತೀಯಲ್ಲ, ಅವರು ಅದನ್ನೇ ಕೇಳುತ್ತಾರೆ. ಹೇಗೆ ಅಂತ ನನಗೂ ಗೊತ್ತಿಲ್ಲ, ಮೂಸಿ ಹಿಡಿಯುತ್ತಾರೆ.

23ರ ಬ್ಯಾರಿಟೋನ್‌ಗೆ ಮೊಜಾರ್ಟ್‌ನ ಫಿಗಾರೊ ಒಪೆರಾದಲ್ಲಿ ಕೌಂಟ್ ಅನ್ನುವ ಸಿರಿವಂತ ಕೋಪದಲ್ಲಿ ಹಾಡುವ ಹಾಡು ಸರಿ, ಆ ಕೋಪ ಗಂಟಲಲ್ಲಿ ತೋರಿಸದೆ ಮಾತಲ್ಲಿ ತೋರಿಸೋಕೆ ಬಂದರೆ. ಫ್ರೆಂಚ್‌ಗೆ ‘ಫೌಸ್ಟ್’ ಅನ್ನುವ ಒಪೆರಾದಲ್ಲಿ ವ್ಯಾಲೆಂಟಿನ್ ಹಾಡುವ ಹಾಡು, ಜರ್ಮನ್‌ಗೆ ಕೊರ್ನ್‌ಗೋಲ್ಡ್‌ನ ಆ ವಾಲ್ಟ್ಸ್ ಥರದ ಹಾಡು. ಎಲ್ಲ ಹುಡುಗರೂ ಇವನ್ನೇ ತರುತ್ತಾರೆ ಅಂತ ಹೆದರಬೇಡ, ಕೇಳುವವರಿಗೆ ಹೋಲಿಸೋಕೆ ಅದೇ ಅನುಕೂಲ. ಇಂಗ್ಲಿಷ್‌ಗೆ ಬೇಬಿ ಡೋ ಒಪೆರಾದಲ್ಲಿ ಹೊರೇಸ್ ಟೇಬರ್‌ಗೆ ಒಂದು ಒಳ್ಳೆಯ ಹಾಡಿದೆ. ಆ ಒಪೆರಾ ಮೊದಲು ಆಡಿದ್ದು 1956ರಲ್ಲಿ, ಕೊಲೊರಾಡೊದ ಸೆಂಟ್ರಲ್ ಸಿಟಿ ಒಪೆರಾದಲ್ಲಿ, ಅಲ್ಲೂ ಯುವ ಗಾಯಕರನ್ನು ತೆಗೆದುಕೊಳ್ಳುತ್ತಾರೆ. ವಯಸ್ಸಾದ ಅಪ್ಪನ ಪಾತ್ರ ರಿಗೊಲೆಟ್ಟೊ, ಅವನ ಹಾಡು ಮುಟ್ಟಬೇಡ. ನಿನ್ನ ವಯಸ್ಸಿಗೆ ಅದು ಅಪ್ಪನ ಕೋಟು ಹಾಕಿಕೊಂಡು ಮದುವೆಗೆ ಹೋದ ಹಾಗೆ ಕಾಣುತ್ತದೆ.

ರೂಮಿನ ವಿಷಯ. ನ್ಯೂಯಾರ್ಕ್‌ನಲ್ಲಿ ಬಹಳ ಆಡಿಷನ್ ನಡೆಯೋದು ಸೆವೆಂತ್ ಅವೆನ್ಯೂದ ನ್ಯಾಷನಲ್ ಒಪೆರಾ ಸೆಂಟರ್‌ನಲ್ಲಿ. 2012ರಲ್ಲಿ ಶುರುವಾದದ್ದು, ಲಿಫ್ಟ್ ಹತ್ತಿ ಹೋಗಬೇಕು. ಕಾರಿಡಾರ್‌ನಲ್ಲಿ ಕುತ್ತಿಗೆಗೆ ಸ್ಕಾರ್ಫ್ ಸುತ್ತಿಕೊಂಡವರ ಸಾಲು. ಒಬ್ಬಳು ಸ್ನೋ ಬೂಟು ಬಿಚ್ಚಿ ಹೀಲ್ಸ್ ಹಾಕಿಕೊಳ್ಳುತ್ತಿರುತ್ತಾಳೆ, ಒಬ್ಬ ಗೋಡೆಗೆ ಮುಖ ಮಾಡಿ ಗುನುಗುತ್ತಿರುತ್ತಾನೆ, ಒಬ್ಬ ಮಾತ್ರ ಎಲ್ಲರಿಗೂ ಕೇಳಿಸುವ ಹಾಗೆ ತನಗೆ ಎಲ್ಲೆಲ್ಲಿ ಕೆಲಸ ಸಿಕ್ಕಿದೆ ಅಂತ ಹೇಳುತ್ತಿರುತ್ತಾನೆ. ಅವನ ಪಕ್ಕ ಕೂರಬೇಡ. ಹೆಸರು ಕರೆದಾಗ ಒಳಗೆ ಹೋಗಿ ನೇರ ಪಿಯಾನೋ ಹತ್ತಿರ ಹೋಗು, ಮೇಜಿನ ಹತ್ತಿರ ಅಲ್ಲ. ಕೈ ಕುಲುಕೋಕೆ ಹೋಗಬೇಡ, ಹಿಂದಿನವರ ನೆಗಡಿ ಅವರಿಗೂ ಬೇಡ.

ಈಗ ಪಿಯಾನಿಸ್ಟ್ ಪರವಾಗಿ ಸ್ವಲ್ಪ ಮಾತಾಡುತ್ತೇನೆ, ಜಾಸ್ತಿ ಆದರೆ ಕ್ಷಮಿಸು. ನಾನು ಐದು ಚಳಿಗಾಲ ಆ ಸ್ಟೂಲ್ ಮೇಲೆ ಕೂತಿದ್ದೇನೆ. ನೀನು ಕೊಡುವ ಸ್ವರಲಿಪಿಯ ಫೈಲ್ ಅನ್ನು ನಾನು ಹಿಂದೆಂದೂ ನೋಡಿರುವುದಿಲ್ಲ, ಮೂವತ್ತು ಸೆಕೆಂಡಿನಲ್ಲಿ ನುಡಿಸೋಕೆ ಶುರುಮಾಡಬೇಕು. ಹಾಳೆಯನ್ನು ಎರಡೂ ಕಡೆ ಜೆರಾಕ್ಸ್ ಮಾಡಿಸು, ರಿಂಗ್ ಫೈಲ್‌ಗೆ ಹಾಕು. ಹೊಳೆಯುವ ಪ್ಲಾಸ್ಟಿಕ್ ಕವರ್ ಬೇಡ, ಲೈಟ್ ಬಿದ್ದರೆ ಏನೂ ಕಾಣಲ್ಲ. ಎಲ್ಲಿ ಬಿಟ್ಟು ಎಲ್ಲಿಗೆ ಹಾರಬೇಕು ಅಂತ ದಪ್ಪ ಪೆನ್ನಿನಲ್ಲಿ ಗುರುತು ಹಾಕು. ಜೆರಾಕ್ಸ್‌ನಲ್ಲಿ ಕೆಳಗಿನ ಸಾಲು ಕತ್ತರಿಸಿಹೋಗಿಲ್ಲ ತಾನೇ ಅಂತ ಪ್ರತಿ ಪುಟ ನೋಡು. ಆ ಕೆಳಗಿನ ಸಾಲು ನನ್ನ ಎಡಗೈ. ಒಬ್ಬಳು ಮೂರು ಪುಟ ಎಡಗೈ ಇಲ್ಲದ ಹಾಡು ತಂದಿದ್ದಳು, ನಾನು ಅಂದಾಜಿನ ಮೇಲೆ ಕೆಳಗಿನ ಸ್ವರ ಸೇರಿಸಿಕೊಂಡು ನುಡಿಸಿದೆ. ಮುಗಿದ ಮೇಲೆ ನನ್ನ ಕಡೆ ತಿರುಗಿ, ಇವತ್ತು ಪಿಯಾನೋ ಸ್ವಲ್ಪ ಬೇರೆ ಥರ ಕೇಳಿಸ್ತು ಅಂದಳು!

ವೇಗ ಹೇಳೋಕೆ ಚಿಟಿಕೆ ಹೊಡೆಯಬೇಡ. ಹೋಟೆಲ್‌ನಲ್ಲಿ ಮಾಣಿಯನ್ನು ಕರೆದ ಹಾಗಿರುತ್ತದೆ. ಮೊದಲ ಸಾಲು ಮೆಲ್ಲಗೆ ಗುನುಗಿ ತೋರಿಸು, ಅದರಲ್ಲೇ ವೇಗವೂ ಉಸಿರು ತೆಗೆದುಕೊಳ್ಳುವ ಜಾಗವೂ ಎರಡೂ ಸಿಗುತ್ತವೆ. ಮಧ್ಯೆ ಮರೆತುಹೋದರೆ ನಿಲ್ಲಿಸಬೇಡ, ನಾನು ಬಂದು ಹಿಡಿದುಕೊಳ್ಳುತ್ತೇನೆ, ಅದೇ ನಮ್ಮ ಕೆಲಸ.

ಪ್ರಶ್ನೆ: ಒಪೆರಾ ಅಂದರೆ ಕಿರುಚೋದು, ಮೈಕ್ ಇಟ್ಟರೆ ಈ ಕಷ್ಟ ಇರಲ್ಲ ಅಂತ ನಮ್ಮ ಯಜಮಾನರು. ಏನು ಹೇಳಲಿ? (ಶಿವಮೊಗ್ಗ)

ಉತ್ತರ: ಕಿರುಚಿದರೆ ಮೊದಲ ಸಾಲಿನವರಿಗೆ ಕಿವಿನೋವು, ಕೊನೆ ಸಾಲಿನವರಿಗೆ ಏನೂ ಕೇಳಿಸಲ್ಲ. ಇವರು ಕಲಿಯುವುದು ಬೇರೆ. ಧ್ವನಿಯಲ್ಲಿ 3,000 ಹರ್ಟ್ಸ್ ಆಸುಪಾಸು ಒಂದು ಹೊಳಪು ಬರುವ ಹಾಗೆ ಗಂಟಲು, ಬಾಯಿ ಇಟ್ಟುಕೊಳ್ಳುತ್ತಾರೆ. ಆ ಜಾಗದಲ್ಲಿ ಆರ್ಕೆಸ್ಟ್ರಾದ ಸದ್ದು ಕಡಿಮೆ, ಹಾಗಾಗಿ ಒಬ್ಬರ ಧ್ವನಿ ಅರವತ್ತು ವಾದ್ಯದ ಮೇಲೆ ತೇಲಿ ಬರುತ್ತದೆ. ಯಜಮಾನರು ಹಳೇ ಕಂಪನಿ ನಾಟಕ ನೋಡಿದವರಾದರೆ, ಆಗ ಹಿಂದಿನ ಚಾಪೆಯವರೆಗೂ ಹಾಡು ಹೇಗೆ ಬರುತ್ತಿತ್ತು ಅಂತ ಕೇಳಿ ನೋಡಿ. ಆಮೇಲೂ ಒಪ್ಪದಿದ್ದರೆ ಬಿಡಿ, ಮನೆಯಲ್ಲಿ ಜಗಳ ಬೇಡ.

ಪ್ರಶ್ನೆ: ಮಗಳನ್ನು ಇಟಲಿಯಲ್ಲಿ ಮೂರು ವಾರದ ಒಪೆರಾ ಕ್ಯಾಂಪ್‌ಗೆ ಆರಿಸಿದ್ದಾರೆ. ಪಾತ್ರ ಕೊಡ್ತಾರಂತೆ. ಆದರೆ ನಾವೇ 5,000 ಡಾಲರ್ ಕಟ್ಟಬೇಕು, ವಿಮಾನದ ಖರ್ಚು ಬೇರೆ. ಸೈಟ್ ಒಂದಿದೆ, ಮಾರೋಣ ಅಂತಿದ್ದೇವೆ. ಕಟ್ಟಬಹುದಾ? (ದಾವಣಗೆರೆ)

ಉತ್ತರ: ಸರ್, ಸೈಟ್ ಮಾರಬೇಡಿ. ಮಿಕ್ಕದ್ದು ಆಮೇಲೆ.

ಕಂಪನಿ ದುಡ್ಡು ಕೊಡುವುದು ಒಂದು ಥರ, ಕಂಪನಿಗೆ ನಾವು ಕೊಡುವುದು ಇನ್ನೊಂದು ಥರ. ಎರಡನ್ನೂ ‘ಆಯ್ಕೆ ಆಯ್ತು’ ಅಂತಲೇ ಹೇಳುತ್ತಾರೆ. ಸಾನ್ ಫ್ರಾನ್ಸಿಸ್ಕೊದಲ್ಲಿ ಮೆರೋಲಾ ಒಪೆರಾ ಪ್ರೋಗ್ರಾಂ ಇದೆ, 1957ರಿಂದ. ಪ್ರಪಂಚದ ಎಲ್ಲ ಕಡೆಯಿಂದ ಅರ್ಜಿ ಬರುತ್ತವೆ, ಇಪ್ಪತ್ತು ಚಿಲ್ಲರೆ ಗಾಯಕರನ್ನು ತೆಗೆದುಕೊಳ್ಳುತ್ತಾರೆ, ಅವರಿಂದ ಫೀಸು ಅಂತ ಒಂದು ಡಾಲರ್ ಕೇಳುವುದಿಲ್ಲ, ಖರ್ಚು ಅವರೇ ನೋಡಿಕೊಳ್ಳುತ್ತಾರೆ. ಪ್ರಪಂಚದಲ್ಲೇ ಹೆಸರಾದ ಸೊಪ್ರಾನೊ ಅನ್ನಾ ನೆಟ್ರೆಬ್ಕೊ ಅಲ್ಲಿಂದ ಬಂದವರು. ಅಂಥ ಕಡೆ ಸಿಕ್ಕರೆ ಅದು ಆಯ್ಕೆ. ದುಡ್ಡು ಕಟ್ಟಿ ಹೋಗುವುದು ಕೋರ್ಸ್. ಕೋರ್ಸ್ ಕೆಟ್ಟದ್ದು ಅಂತಲ್ಲ, ಆದರೆ ಕೋರ್ಸ್‌ಗೆ ಕೇಳಬೇಕಾದ ಪ್ರಶ್ನೆ ಕೇಳಬೇಕು.

ನಾನೇ ಒಂದು ಬೇಸಿಗೆ ಇಂಥ ಕಡೆ ಕೆಲಸಕ್ಕೆ ಹೋಗಿದ್ದೆ, ಹೆಸರು ಬೇಡ. ಕರಪತ್ರದಲ್ಲಿ ಪೂರ್ತಿ ಒಪೆರಾ, ಆರ್ಕೆಸ್ಟ್ರಾ ಜೊತೆ ಅಂತ ಇತ್ತು. ಹೋಗಿ ನೋಡಿದರೆ ಆರ್ಕೆಸ್ಟ್ರಾ ಅಂದರೆ ನಾನು. ಒಂದು ಪಾತ್ರಕ್ಕೆ ಮೂವರು ಸೊಪ್ರಾನೊ. ಮೊದಲ ಅಂಕ ಒಬ್ಬಳು, ಎರಡನೆಯದು ಇನ್ನೊಬ್ಬಳು, ಮೂರನೆಯವಳು ಸಾಯೋಕೆ ಮಾತ್ರ ಬರುತ್ತಿದ್ದಳು. ನೋಡೋಕೆ ಬಂದವರು ಹನ್ನೆರಡು ಜನ, ಅದರಲ್ಲಿ ಐದು ಜನ ಅವರವರ ಅಪ್ಪ ಅಮ್ಮ. ದೊಡ್ಡ ಹೆಸರಿನ ಗುರುಗಳು ಮೂರು ವಾರದಲ್ಲಿ ಎರಡು ದಿನ ಇದ್ದು ಹೊರಟುಹೋದರು. ನನ್ನ ಸಂಬಳದ ಕೊನೆಯ ಕಂತು ಇವತ್ತಿಗೂ ಬಂದಿಲ್ಲ.

ಹಾಗಾಗಿ ಕಟ್ಟುವ ಮುಂಚೆ ಇಮೇಲ್‌ನಲ್ಲಿ ಬರೆದು ಕೇಳಿ: ಆರ್ಕೆಸ್ಟ್ರಾನಾ ಪಿಯಾನೋನಾ, ಒಂದು ಪಾತ್ರವನ್ನು ಎಷ್ಟು ಜನ ಹಂಚಿಕೊಳ್ಳಬೇಕು, ಕರಪತ್ರದಲ್ಲಿ ಫೋಟೋ ಇರುವ ಗುರುಗಳು ನಿಜವಾಗಿ ಎಷ್ಟು ದಿನ ಇರುತ್ತಾರೆ, ಭಾಷೆಯ ಪಾಠ ಇದೆಯಾ, ಬರೋಕಾಗದಿದ್ದರೆ ದುಡ್ಡು ವಾಪಸ್ ಬರುತ್ತಾ. ಉತ್ತರ ನೇರವಾಗಿ ಬಂದರೆ, ಮಗಳು ಇನ್ನೂ ಡಿಗ್ರಿ ಓದುತ್ತಿದ್ದರೆ, ಒಂದು ಸಲ ಹೋಗಿಬರಲಿ, ಪೂರ್ತಿ ಪಾತ್ರ ಬಾಯಿಪಾಠ ಮಾಡಿ ನಿಂತ ಅನುಭವ ಆಗುತ್ತದೆ. ಮಾಸ್ಟರ್ಸ್ ಮುಗಿದಿದ್ದರೆ ಬೇಡ ಅನ್ನೋದು ನನ್ನ ಅಭಿಪ್ರಾಯ. ಅರ್ಜಿಗೆ, ಪ್ರಯಾಣಕ್ಕೆ ಹೇಗೂ ದುಡ್ಡು ಹೋಗುತ್ತದೆ. ನನ್ನ ಕಾಲದಲ್ಲೇ ಒಂದೊಂದು ಅರ್ಜಿಗೆ 25ರಿಂದ 50 ಡಾಲರ್ ಇತ್ತು. ಇಪ್ಪತ್ತು ಅರ್ಜಿ ಹಾಕಿ, ಎರಡು ಊರಿಗೆ ಬಸ್ಸಿನಲ್ಲಿ ಹೋಗಿ ಬಂದರೆ ಎಷ್ಟಾಯ್ತು ನೋಡಿ.

ಪ್ರಶ್ನೆ: ಮಗ ಸಂಗೀತದಲ್ಲಿ ಎಂ.ಮ್ಯೂಸ್ ಮುಗಿಸ್ತಾನೆ. ಆಮೇಲೆ ಅಲ್ಲೇ ಕೆಲಸ ಮಾಡಬಹುದಾ? ವೀಸಾ? (ಮಂಗಳೂರು)

ಉತ್ತರ: ಓದು ಮುಗಿದ ಮೇಲೆ ಓಪಿಟಿ, ಅಂದರೆ ಓದಿದ ವಿಷಯದಲ್ಲೇ ಅಲ್ಲಿ ಕೆಲಸ ಮಾಡುವ ಅನುಮತಿ, 12 ತಿಂಗಳು ಸಿಗುತ್ತದೆ. ನಿಮ್ಮ ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗನಿಗೆ ಅದರ ಮೇಲೆ ಇನ್ನೂ 24 ತಿಂಗಳು ಸಿಕ್ಕಿರುತ್ತದೆ, ಸಂಗೀತದವರಿಗೆ ಅದು ಇಲ್ಲ. ಅಂದರೆ ಅವನ ಕೈಯಲ್ಲಿರುವುದು ಒಂದೇ ಬೇಸಿಗೆ. ಆ ಬೇಸಿಗೆಯ ಆಡಿಷನ್ ನಡೆಯೋದು ಅವನು ಇನ್ನೂ ಓದುತ್ತಿರುವಾಗಲೇ, ಕೊನೆ ವರ್ಷದ ಅಕ್ಟೋಬರ್‌ನಲ್ಲಿ. ಪಾಸಾದ ಮೇಲೆ ನೋಡೋಣ ಅಂತ ಕೂತರೆ ಬಸ್ ಹೋಗಿರುತ್ತದೆ. ಕೆಲವು ಕಂಪನಿಗಳು ಅಲ್ಲಿ ಕೆಲಸ ಮಾಡುವ ಅನುಮತಿ ಇರುವವರು ಮಾತ್ರ ಅರ್ಜಿ ಹಾಕಿ ಅಂತ ಮೊದಲೇ ಬರೆದಿರುತ್ತಾರೆ, ಅದನ್ನು ಫೀಸು ಕಟ್ಟುವ ಮುಂಚೆ ಓದಲಿ. ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸ್‌ನಲ್ಲಿ ಈಗಲೇ ಹೋಗಿ ಕೂರಲಿ.

ಪ್ರಶ್ನೆ: ನನಗೆ 27, ಸಾಫ್ಟ್‌ವೇರ್ ಕೆಲಸ. 12 ವರ್ಷ ಕರ್ನಾಟಕ ಸಂಗೀತ ಕಲಿತಿದ್ದೇನೆ. ಈಗ ಒಪೆರಾ ಹುಚ್ಚು ಹಿಡಿದಿದೆ. ತಡ ಆಯ್ತಾ? ಅಂದಹಾಗೆ ಬೆಂಗಳೂರಿನ ಒಪೆರಾ ಹೌಸ್‌ನಲ್ಲಿ ಒಪೆರಾ ಆಗುತ್ತಾ? (ಬೆಂಗಳೂರು)

ಉತ್ತರ: ಎರಡನೇ ಪ್ರಶ್ನೆಗೆ ಮೊದಲು: ಬ್ರಿಗೇಡ್ ರೋಡ್ ಮೂಲೆಯ ಆ ಹಳೇ ಕಟ್ಟಡ 2018ರಲ್ಲಿ ಸ್ಯಾಮ್‌ಸಂಗ್ ಮಳಿಗೆಯಾಗಿ ಶುರುವಾಯಿತು, ನಾನು ಹೋದಾಗ ಸಿಕ್ಕಿದ್ದು ಫೋನು. ನಿಜವಾದ ಒಪೆರಾ ಹೌಸ್ ಕಟ್ಟಡ ನೋಡಬೇಕಾದರೆ ಮುಂಬೈಗೆ ಹೋಗಿ. 1911ರಲ್ಲಿ ಶುರುವಾದ ರಾಯಲ್ ಒಪೆರಾ ಹೌಸ್ ಬಹಳ ವರ್ಷ ಮುಚ್ಚಿದ್ದು 2016ರಲ್ಲಿ ಮತ್ತೆ ತೆರೆಯಿತು. ನಮ್ಮ ಮೈಸೂರಿಗೆ ಈ ಸಂಗೀತದ ನಂಟು ಇಲ್ಲ ಅಂದುಕೊಳ್ಳಬೇಡಿ. ಜರ್ಮನಿಯ ಸಂಯೋಜಕ ರಿಚರ್ಡ್ ಸ್ಟ್ರಾಸ್ ಕೊನೆಗಾಲದಲ್ಲಿ ಸೊಪ್ರಾನೊಗೆ ಬರೆದ ನಾಲ್ಕು ಹಾಡು 1950ರಲ್ಲಿ ಲಂಡನ್‌ನಲ್ಲಿ ಮೊದಲ ಸಲ ಕೇಳಿಸಿದ್ದು ಜಯಚಾಮರಾಜ ಒಡೆಯರ್ ದುಡ್ಡಿನ ಭರವಸೆ ಕೊಟ್ಟಿದ್ದರಿಂದ.

ಇನ್ನು 27. ಯಂಗ್ ಆರ್ಟಿಸ್ಟ್ ಪ್ರೋಗ್ರಾಂಗಳು ತೆಗೆದುಕೊಳ್ಳುವುದು ಹೆಚ್ಚಾಗಿ ಇಪ್ಪತ್ತರ ನಡುವಿನಿಂದ ಮೂವತ್ತರ ಆರಂಭದವರೆಗಿನವರನ್ನು. ದೊಡ್ಡ ಧ್ವನಿಗಳು ಮಾಗುವುದೇ ಮೂವತ್ತರ ಮೇಲೆ. ಆದರೆ ಅವರೆಲ್ಲ ಹದಿನೆಂಟರಿಂದ ಈ ರೀತಿ ಹಾಡಿಕೊಂಡು ಬಂದವರು, ಹಾಗಾಗಿ ನೀವು ಸಾಂಟಾ ಫೆಗೆ ಅರ್ಜಿ ಹಾಕುವುದು ಸದ್ಯಕ್ಕೆ ದೂರದ ಮಾತು. ಶ್ರುತಿ, ಲಯ, ಬಾಯಿಪಾಠ ಮಾಡುವ ಅಭ್ಯಾಸ ನಿಮಗೆ ಆಗಲೇ ಇದೆ, ಅದು ಸಣ್ಣದಲ್ಲ. ಕಷ್ಟ ಆಗುವುದು ಬೇರೆ ಕಡೆ: ನಾವು ಮೈಕ್ ಮುಂದೆ ಕೂತು, ಒಂದೇ ಶ್ರುತಿ ಹಿಡಿದು, ಮಾತಾಡುವ ಧ್ವನಿಗೆ ಹತ್ತಿರದಲ್ಲಿ ಹಾಡುತ್ತೇವೆ. ಅವರು ನಿಂತು, ತಂಬೂರಿ ಇಲ್ಲದೆ, ಶ್ರುತಿ ಬದಲಾಗುತ್ತಿರುವಾಗ ಹಾಡಬೇಕು. ನನ್ನ ಹತ್ತಿರ ಬಂದ ಕರ್ನಾಟಕ ಸಂಗೀತದ ಒಬ್ಬ ಹುಡುಗಿಗೆ ಕಂಪನ ತಾನಾಗೇ ಬರಲಿ ಅಂತ ಬಿಡುವುದೇ ದೊಡ್ಡ ಪಾಠ ಆಯಿತು, ಸ್ವರ ನೇರ ನಿಲ್ಲಲಿಲ್ಲ ಅಂತ ಅವಳಿಗೆ ತಪ್ಪಿತಸ್ಥ ಭಾವನೆ. ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ 1987ರಿಂದ ಇದೆ. ಮುಂಬೈನಲ್ಲಿ ಹುಟ್ಟಿ ಲಂಡನ್‌ನಲ್ಲಿ ಹೆಸರು ಮಾಡಿದ ಸೊಪ್ರಾನೊ ಪೆಟ್ರೀಷಿಯಾ ರೊಜಾರಿಯೊ ಅವರು ಭಾರತದ ಗಾಯಕರಿಗೆ ಪಾಠ ಮಾಡುತ್ತಾ ಬಂದಿದ್ದಾರೆ. ಒಂದು ವರ್ಷ ವಾರಕ್ಕೆರಡು ಪಾಠ ಹಾಕಿಸಿಕೊಳ್ಳಿ. ಕೆಲಸ ಬಿಡಬೇಡಿ, ಮನೆ ಬಾಡಿಗೆ ಯಾರು ಕಟ್ಟುತ್ತಾರೆ?

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ್ರಿ. ನಮ್ಮ ಮಗ ಈ ಸಲ ಸಾಂಟಾ ಫೆ ಒಪೆರಾದಾಗ ಅಪ್ರೆಂಟಿಸ್ ಆಗ್ಯಾನ. ಕೋರಸ್ ಅಂತಾನ, ಕವರ್ ಅಂತಾನ, ನಮಗೇನೂ ತಿಳಿಯಂಗಿಲ್ಲ. ಗುಂಪಿನ್ಯಾಗ ನಿಂತು ಹಾಡ್ಲಿಕ್ಕೆ ಅಷ್ಟು ದೂರ ಹೋಗಬೇಕೇನ್ರಿ? ಜುಲೈದಾಗ ನಾವಿಬ್ಬರೂ ನೋಡ್ಲಿಕ್ಕೆ ಹೊಂಟೇವಿ. ಅವನ್ನ ಗುರ್ತು ಹಿಡಿಯೋದು ಹ್ಯಾಂಗ? (ಧಾರವಾಡ)

ಉತ್ತರ: ಸರ್, ಮೊದಲು ಸಂತೋಷಪಡಿ! ಅಮೆರಿಕದಲ್ಲಿ ಗಾಯಕರಿಗೆ ಅಪ್ರೆಂಟಿಸ್ ಅನ್ನುವ ಪದ್ಧತಿ ಶುರುಮಾಡಿದವರೇ ಅವರು, 1957ರಲ್ಲಿ, ಜಾನ್ ಕ್ರಾಸ್ಬಿ ಅನ್ನುವವರು ಕಂಪನಿ ಕಟ್ಟಿದಾಗಲೇ. ಈಗ ದೊಡ್ಡ ಹೆಸರಿನ ಗಾಯಕಿಯಾದ ಜಾಯ್ಸ್ ಡಿಡೊನಾಟೊ 1995ರಲ್ಲಿ ಅಲ್ಲೇ ಅಪ್ರೆಂಟಿಸ್ ಆಗಿದ್ದರು. ಅಲ್ಲಿ ಕೋರಸ್ ಪೂರ್ತಿ ಅಪ್ರೆಂಟಿಸ್‌ಗಳದ್ದೇ. ಬೇಸಿಗೆಗೆ ಐದು ಒಪೆರಾ, ಒಂದಾದ ಮೇಲೆ ಒಂದಲ್ಲ, ಇವತ್ತು ಇದು ನಾಳೆ ಅದು. ಹಾಗಾಗಿ ನಿಮ್ಮ ಮಗ ಇವತ್ತು ಸೈನಿಕ, ನಾಳೆ ಹಳ್ಳಿಯವನು, ಮೂರನೇ ದಿನ ಒಂದು ಕಾಗದ ತಂದು ಕೊಟ್ಟು ಎರಡು ಸಾಲು ಹಾಡಿ ಹೋಗುವ ಆಳು. ಆ ಎರಡು ಸಾಲಿಗೂ ಪಾಠ ಇರುತ್ತದೆ. ಬೆಳಿಗ್ಗೆ ಕೋಚಿಂಗ್, ಮಧ್ಯಾಹ್ನ ರಿಹರ್ಸಲ್, ರಾತ್ರಿ ಪ್ರದರ್ಶನ. ಮಧ್ಯೆ ಎಲ್ಲಾದರೂ ಬಟ್ಟೆ ಒಗೆದುಕೊಳ್ಳಬೇಕು.

ಕವರ್ ಅಂದರೆ, ದೊಡ್ಡ ಗಾಯಕರ ಪಾತ್ರವನ್ನು ಪೂರ್ತಿ ಕಲಿತು ಇಟ್ಟುಕೊಳ್ಳುವುದು. ಅವರಿಗೆ ಹುಷಾರು ತಪ್ಪಿದರೆ ಇವನು ನಿಲ್ಲಬೇಕು. ತಪ್ಪದಿದ್ದರೆ ಇಡೀ ಬೇಸಿಗೆ ಆ ಪಾತ್ರ ಹೊಟ್ಟೆಯಲ್ಲೇ ಇರುತ್ತದೆ. ಬಹಳ ಸಲ ಹೀಗೇ ಆಗುವುದು. ಆದರೆ ಆಗಿಬಿಡುವುದೂ ಉಂಟು. 1941ರ ಡಿಸೆಂಬರ್ 6ಕ್ಕೆ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಹೆಸರಾಂತ ಗಾಯಕಿ ಲೊಟ್ಟೆ ಲೆಹ್ಮನ್‌ಗೆ ಹುಷಾರಿಲ್ಲದೆ, ಆಸ್ಟ್ರಿಡ್ ವಾರ್ನೈ ಅನ್ನುವ 23ರ ಹುಡುಗಿ ವಾಗ್ನರ್ ಒಪೆರಾದಲ್ಲಿ ಝೀಗ್‌ಲಿಂಡೆ ಅನ್ನುವ ಪಾತ್ರಕ್ಕೆ ನಿಂತಳು, ಅಲ್ಲಿಂದ ಮುಂದೆ ದೊಡ್ಡ ಹೆಸರಾದಳು. ಕಂಪನಿಯಲ್ಲಿ ಕವರ್ ಇರುವ ಹುಡುಗರು ಊಟದ ಮೇಜಿನಲ್ಲಿ ಹೀರೋ ಒಂದು ಸಲ ಕೆಮ್ಮಿದರೆ ಹೇಗೆ ತಿರುಗಿ ನೋಡುತ್ತಾರೆ ಅಂತ ನೀವು ನೋಡಬೇಕು. ಕೆಟ್ಟ ಮನಸ್ಸಿಲ್ಲ ಪಾಪ, ಹೆದರಿಕೆ.

ಆಗಸ್ಟ್‌ನಲ್ಲಿ ಅಪ್ರೆಂಟಿಸ್‌ಗಳದ್ದೇ ಎರಡು ಸಂಜೆ ಇರುತ್ತದೆ. ಬೇರೆ ಬೇರೆ ಒಪೆರಾದ ತುಣುಕುಗಳನ್ನು ವೇಷ ಹಾಕಿ ಆಡುತ್ತಾರೆ. ಆ ಹೊತ್ತಿಗೆ ಏಜೆಂಟರು, ಬೇರೆ ಕಂಪನಿಯ ಮುಖ್ಯಸ್ಥರು ಊರಿಗೆ ಬಂದಿರುತ್ತಾರೆ. ಮುಂದಿನ ಕೆಲಸ ಸಿಗುವುದು ಅಲ್ಲಿಂದ. ಟಿಕೆಟ್ ಇನ್ನೂ ಆಗಿಲ್ಲದಿದ್ದರೆ ಜುಲೈ ಬಿಟ್ಟು ಆಗಸ್ಟ್‌ಗೆ ಹೋಗಿ, ಮಗ ಗುಂಪಿನಿಂದ ಮುಂದೆ ಬಂದು ನಿಲ್ಲುವುದು ಆಗಲೇ.

ಆರೋಗ್ಯದ ವಿಷಯ: ಊರು 2,100 ಮೀಟರ್‌ಗಿಂತ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಎತ್ತರ, ಆದರೆ ಮರಳುಗಾಡಿನ ಒಣಗಾಳಿ. ಮೊದಲ ವಾರ ಎರಡು ಮೆಟ್ಟಿಲು ಹತ್ತಿದರೆ ಏದುಸಿರು, ಮೂಗಿನಿಂದ ರಕ್ತ ಬಂದರೂ ಗಾಬರಿ ಬೇಡ. ಮಗನ ರೂಮಿನಲ್ಲಿ ಆವಿ ಬಿಡುವ ಮಿಷನ್ ಇದ್ದೇ ಇರುತ್ತದೆ. ನೀವು ನೀರು ಜಾಸ್ತಿ ಕುಡಿಯಿರಿ. ರಂಗಮಂದಿರಕ್ಕೆ ಮಾಡು ಇದೆ, ಈಗಿನದ್ದು 1998ರಲ್ಲಿ ಕಟ್ಟಿದ್ದು, ಆದರೆ ಪಕ್ಕ ತೆರೆದೇ ಇದೆ. ಸೂರ್ಯ ಮುಳುಗುವ ಹೊತ್ತಿಗೆ ಶುರುಮಾಡುತ್ತಾರೆ. ಜುಲೈನಲ್ಲಿ ಅಲ್ಲಿ ಸಂಜೆ ಮಳೆ ಬರುತ್ತದೆ, ಅವರೂ ಅದಕ್ಕೆ ಮಾನ್ಸೂನ್ ಅಂತಲೇ ಅನ್ನುತ್ತಾರೆ. ಗಾಳಿ ಜೋರಾದರೆ ಅಂಚಿನ ಸೀಟಿಗೆ ಇರಚಲು ಹೊಡೆಯುತ್ತದೆ, ಹಾಗಾಗಿ ನಡುವಿನ ಸೀಟು ತಗೊಳ್ಳಿ, ಸ್ವೆಟರ್ ಮರೆಯಬೇಡಿ. ಶುರುವಾಗುವ ಮುಂಚೆ ಜನ ಪಾರ್ಕಿಂಗ್‌ನಲ್ಲೇ ಕಾರಿನ ಹಿಂದೆ ಮೇಜು ಹಾಕಿ, ಬಟ್ಟೆ ಹಾಸಿ, ಮೇಣದ ಬತ್ತಿ ಹಚ್ಚಿ ಊಟ ಮಾಡುತ್ತಾರೆ. ನೀವೂ ಚಪಾತಿ, ಶೇಂಗಾ ಹಿಂಡಿ ಬಿಚ್ಚಿ ಕೂರಬಹುದು, ಯಾರೂ ಏನೂ ಅನ್ನಲ್ಲ, ಕೇಳಿ ತಿಂದರೂ ತಿಂದಾರು.

ಗುರುತು ಹಿಡಿಯೋದು ಸ್ವಲ್ಪ ಕಷ್ಟ. ಎಲ್ಲರಿಗೂ ಒಂದೇ ಬಟ್ಟೆ, ಒಂದೇ ಗಡ್ಡ. ಹಿಂದಿನ ದಿನವೇ ಮಗನನ್ನು ಕೇಳಿಟ್ಟುಕೊಳ್ಳಿ: ಯಾವ ಅಂಕದಲ್ಲಿ, ಯಾವ ಕಡೆಯಿಂದ ಬರುತ್ತೀಯ, ಕೈಯಲ್ಲಿ ಏನಿರುತ್ತದೆ. ಒಂದು ಎಚ್ಚರ. ಅವನು ‘ಸ್ಟೇಜ್ ಲೆಫ್ಟ್’ ಅಂದರೆ ಅದು ನಮ್ಮ ಕಡೆ ಮುಖ ಮಾಡಿ ನಿಂತ ಅವನ ಎಡಗಡೆ. ನೀವು ಬಲಗಡೆ ನೋಡಬೇಕು.